ನೀರು ಹಿಡಿದ ಗಾಜಿನ ಬಟ್ಟಲು

1987ರ ಮಾರ್ಚ್ 11, ಬುಧವಾರ, ಬೆಳಗ್ಗೆ 10 ಗಂಟೆ 20 ನಿಮಿಷಕ್ಕೆ ನಾನು ಪಾಸಾದೆ. ಗಾಜಿನ ಕಾರ್ಖಾನೆಯ ತಪಾಸಣೆಗಾರ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ, ಉಗುರಿನಿಂದ ಒಮ್ಮೆ ಟಣ್ ಎನಿಸಿದ, ಗುಳ್ಳೆಯಿಲ್ಲವೆಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಹೊತ್ತನ್ನೂ ನಮೂದಿಸಿದ. ನಾನು ಒಂದು ಗಾಜಿನ ಬಟ್ಟಲು. ಮುಷ್ಟಿಯಷ್ಟು ಗಾತ್ರ, ನೇರ ಗೋಡೆ, ಚಪ್ಪಟೆ ತಳ. ಪಾಯಸಕ್ಕಲ್ಲ, ಉಪ್ಪಿನಕಾಯಿಗೂ ಅಲ್ಲ. ಡೀಸೆಲ್ ವ್ಯಾನಿನ ಹೊಟ್ಟೆಯಡಿ, ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ತೂಗಿಕೊಂಡಿರಲು ಹುಟ್ಟಿದ್ದು.

ನನ್ನ ಕೆಲಸ ಸುಲಭ. ನೀರು ಡೀಸೆಲ್‌ಗಿಂತ ಭಾರ. ಎಣ್ಣೆಯ ಜೊತೆ ಕದ್ದು ಬಂದ ನೀರು ನನ್ನ ತಳದಲ್ಲಿ ಕೂರುತ್ತದೆ, ಶುದ್ಧ ಎಣ್ಣೆ ಮೇಲಿನಿಂದ ಎಂಜಿನ್ನಿಗೆ ಹೋಗುತ್ತದೆ. ನನ್ನನ್ನು ಗಾಜಿನಲ್ಲಿ ಮಾಡಿರುವುದೇ ಯಾರಾದರೂ ಬಗ್ಗಿ ನೋಡಲಿ ಎಂದು. ನನಗೆ ಬಾಯಿ ಇದೆ, ದನಿ ಇಲ್ಲ.

ಮೊದಲು ನಮ್ಮದು ಕಣ್ಣಿನ ಆಸ್ಪತ್ರೆಯ ವ್ಯಾನು. ಡ್ರೈವರ್ ಫಕ್ಕೀರಪ್ಪ ಪ್ರತಿ ಸೋಮವಾರ ಮಂಡಿಯೂರಿ, ಮೀಸೆಯನ್ನು ನನಗೆ ತಾಗಿಸುವಷ್ಟು ಹತ್ತಿರ ತಂದು ಕೇಳುತ್ತಿದ್ದ: "ಏನಪಾ ಕನ್ನಡಕಾ, ಏನ್ ಕಾಣಸ್ತೈತಿ?" ಒಂದು ಹನಿ ಕಂಡರೂ ನನ್ನನ್ನು ಹಿಡಿದಿದ್ದ ತಿರುಪು ಬಿಚ್ಚಿ ಕೆಳಗಿಳಿಸಿ ನೀರು ಚೆಲ್ಲುತ್ತಿದ್ದ. ಹದಿನೇಳು ವರ್ಷ ನಾವು ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ.

ಆಮೇಲೆ ಮದುವೆಯ ಬ್ಯಾಂಡ್ ಕಂಪನಿಯವರು ಕೊಂಡರು. ಅವರು ತುತ್ತೂರಿಗಳನ್ನು ಹೊಳೆಯುವಂತೆ ಉಜ್ಜಿದರು. ನನ್ನತ್ತ ಯಾರೂ ಬಗ್ಗಲಿಲ್ಲ. ನನ್ನ ಮೇಲೆ ಕೆಸರು ಒಣಗಿ, ಅದರ ಮೇಲೆ ಧೂಳು ಕೂತು, ನಾನು ಗಾಜೆಂಬುದೇ ಮರೆತುಹೋಗುವಂತಾಯಿತು.

ಮೂರನೆಯ ಬಾರಿ ನಮ್ಮನ್ನು ಕೊಂಡವರು ಗದಗಿನ ಇಂದುಮತಿ ಹಂಚಿನಾಳ ಮತ್ತು ಅವರ ಗಂಡ ವೀರಣ್ಣ. ಇಂದುಮತಿ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ವೀರಣ್ಣ ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುವವರು. ಕೆಲವೊಮ್ಮೆ ಕೆಡದೇ ಇದ್ದದ್ದನ್ನೂ. ವ್ಯಾನಿನೊಳಗೆ ಮಡಚುವ ಮಂಚ, ಒಲೆ, ಪರದೆ ಬಂದವು. ಕೆರೆಯ ದಂಡೆಯಲ್ಲಿ ಮಲಗಿ, ಬೆಳಗಾದರೆ ಹಕ್ಕಿ ನೋಡಬೇಕು, ಅಷ್ಟೇ ಅವರ ಆಸೆ.

ಹಕ್ಕಿಗಳಲ್ಲೂ ಒಂದು ಹಕ್ಕಿ. ಹಿಮಾಲಯ ದಾಟಿ ಪ್ರತಿ ಚಳಿಗಾಲ ಬಿದಿರಹಾಳ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಹಿಂಡಿನಲ್ಲಿ ಒಂದರ ಕೊರಳಿಗೆ ಹಸಿರು ಪಟ್ಟಿ ಇತ್ತು. ಮಂಗೋಲಿಯಾದಲ್ಲಿ ಯಾರೋ ಹಾಕಿದ್ದು, ಸಂಖ್ಯೆ ಎಪ್ಪತ್ಮೂರು. ಮೂರು ಚಳಿಗಾಲ ಇಂದುಮತಿ ಅದನ್ನು ಕಂಡು ದಿನಚರಿಯಲ್ಲಿ ಬರೆದರು. ನಾಲ್ಕನೆಯ ವರ್ಷ ಹಸಿರು ಪಟ್ಟಿಯ ಬಾತೊಂದು ವಿದ್ಯುತ್ ತಂತಿಗೆ ಬಡಿದು ಸತ್ತಿತೆಂಬ ಸುದ್ದಿ ಬಂತು. ಸಂಖ್ಯೆಯನ್ನು ಯಾರೂ ಓದಿರಲಿಲ್ಲ. ಆ ವರ್ಷದ ಪುಟ ಖಾಲಿ ಉಳಿಯಿತು.

ಮರುವರ್ಷ ಫೆಬ್ರವರಿ 24ರ ಬೆಳಗ್ಗೆ ಆರಕ್ಕೆ ಕೆರೆಯ ಕಾವಲುಗಾರ ದ್ಯಾಮಣ್ಣನ ಫೋನು. "ಅಕ್ಕಾರ, ಹಸಿರು ಕೊರಳಿನಾಕಿ ಒಬ್ಬಾಕಿ ಬಂದಾಳ್ರಿ! ನಂಬರ್ ನನ್ನ ಕಣ್ಣಿಗೆ ಹತ್ತವಲ್ದು. ಹಿಂಡು ಕೂತಲ್ಲಿ ಕೂಡವಲ್ದು, ಇವತ್ತ ಹೊಂಟು ಹೋಗ್ತಾವು ನೋಡ್ರಿ."

ಹತ್ತೇ ನಿಮಿಷದಲ್ಲಿ ಹೊರಟೆವು! ಒಂದು ತಾಸಿನ ದಾರಿ ಸವೆಸಿದ ಮೇಲೆ ಸಿಕ್ಕ ಬಂಕಿನಲ್ಲಿ ಇಪ್ಪತ್ತು ಲೀಟರ್ ಡೀಸೆಲ್ ರಭಸದಿಂದ ಟ್ಯಾಂಕಿಗೆ ಬಿತ್ತು. ತಳದಲ್ಲಿ ತಿಂಗಳುಗಳಿಂದ ತೆಪ್ಪಗೆ ಮಲಗಿದ್ದ ನೀರು ಎದ್ದು ಕಲಕಿತು. ಎರಡು ಮೈಲಿ ಹೋಗುವಷ್ಟರಲ್ಲಿ ಅದು ಕೊಳವೆಯಲ್ಲಿ ಹರಿದು ನನ್ನನ್ನು ಹೊಕ್ಕಿತು. ಕಾಲು ಭಾಗ ತುಂಬಿದೆ. ಅರ್ಧ ತುಂಬಿದೆ. ಬಗ್ಗಿ ನೋಡಿ, ಯಾರಾದರೂ ಬಗ್ಗಿ ನೋಡಿ! ಕಂಠದವರೆಗೆ ತುಂಬಿದೆ. ಎಂಜಿನ್ ಎರಡು ಸಲ ಕೆಮ್ಮಿ, ಬಿಳಿ ಹೊಗೆ ಉಗುಳಿ, ಜೋಳದ ಹೊಲದ ಪಕ್ಕದಲ್ಲಿ ನಿಂತುಬಿಟ್ಟಿತು. ಗಂಟೆ 7.35. ಕೆರೆ ಇನ್ನೂ ಮೂವತ್ತೆಂಟು ಕಿಲೋಮೀಟರ್ ದೂರ.

ಇಂದುಮತಿ ಮೆಕ್ಯಾನಿಕ್ ದಾವಲಸಾಬರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಮೇಡಮ್ಮಾರ, ಕೆಳಗ ಒಂದು ಗಾಜಿನ ಬಟ್ಟಲ ಐತಿ, ನೋಡ್ರಿ."

"ಗಾಜು ಎಲ್ಲೈತ್ರಿ? ಬರೇ ಮಣ್ಣೈತಿ."

"ಆ ಮಣ್ಣನ್ನ ಒರಸ್ರಿ!"

ಸೀರೆಯ ಸೆರಗೊಂದು ಬಂದು ನನ್ನನ್ನು ಒರೆಸಿತು. ಎಷ್ಟೋ ವರ್ಷಗಳ ನಂತರ ಒಂದು ಮುಖ ನನ್ನನ್ನು ನೋಡಿತು. ರಸ್ತೆಯ ಮೇಲೆ ಅಂಗಾತ ಮಲಗಿದ ಇಂದುಮತಿ ಕನ್ನಡಕ ಸರಿಪಡಿಸಿಕೊಂಡು, "ರೀ, ಇದರ ತುಂಬ ನೀರು!" ಎಂದರು.

"ಆ ಬಂಕಿನವ ನೀರು ಕೂಡಿಸಿ ಮಾರ್ಯಾನ!" ವೀರಣ್ಣನ ಪಾದಗಳು ರಸ್ತೆಯ ಮೇಲೆ ಕುಣಿದವು. "ಈಗಿಂದೀಗ ಹೋಗಿ ಅವನ ಕೊರಳಪಟ್ಟಿ ಹಿಡೀತೀನಿ."

"ನನಗ ಬೇಕಾದ ಕೊರಳಪಟ್ಟಿ ಕೆರ್‍ಯಾಗ ಐತಿ. ಚಾದ ಪಾತೇಲಿ ತರ್ರಿ."

ದಾವಲಸಾಬರು ಹೇಳಿದಂತೆ ಟ್ಯಾಂಕಿನ ಅಡಿಯ ಬಿರಡೆಯನ್ನು ಸಡಿಲಿಸಿದರು. ಮೊದಲು ನೀರೇ ಬಂತು, ಗಳಗಳನೆ. ಹೊಂಬಣ್ಣದ ಎಣ್ಣೆ ಕಾಣಿಸಿದ ಕೂಡಲೇ ಬಿರಡೆ ಬಿಗಿದರು. ಪಾತೇಲಿಯಿಂದ ಪಾರದರ್ಶಕ ಬಾಟಲಿಗೆ ಸುರಿದರೆ ಕೆಳಗೆ ನೀರು, ಮೇಲೆ ತೆಳುವಾಗಿ ಡೀಸೆಲ್. ಅಡುಗೆಯ ಅಳತೆ ಲೋಟದಲ್ಲಿ ಇಂದುಮತಿ ಅಳೆದರು: ನೀರು 640 ಮಿಲಿಲೀಟರ್.

ವೀರಣ್ಣ ಈಗ ಇನ್ನೊಂದು ದಿಕ್ಕಿಗೆ ತಿರುಗಿದರು. "ಮಳಿಗಾಲದಾಗ ಟ್ಯಾಂಕ್ ಖಾಲಿ ಬಿಟ್ಟಾಕಿ ನೀನ. ತಂಪಿಗೆ ಒಳಗಿನ ಗಾಳಿ ನೀರು ಬಿಡತೈತಿ ಅಂತ ಪಾಠಾ ಹೇಳ್ತಿದ್ದಿ, ಈಗ ನೋಡು."

ಇಂದುಮತಿ ಬೆರಳಿನಿಂದ ಧೂಳಿನ ಮೇಲೆಯೇ ಲೆಕ್ಕ ಬರೆದರು. "ನಲವತ್ತು ಲೀಟರ್ ಗಾಳಿಯೊಳಗ ಒಂದು ಗ್ರಾಮ್ ನೀರು ಇದ್ದರ ಹೆಚ್ಚು. ಇಡೀ ಮಳಿಗಾಲ ಹಿಡಿದರೂ ಐವತ್ತು ದಾಟೂದಿಲ್ಲ. ಆ ಐವತ್ತು ನನ್ನ ತಪ್ಪು, ಒಪ್ಪಿದೆ. ಉಳಿದದ್ದು?" ಹೇಳುತ್ತ ಬಾಟಲಿ ಅಲುಗಿಸಿದರು. ನೀರು ಬುಸುಬುಸು ನೊರೆ ಬಿಟ್ಟಿತು. ಮೂಸಿ ನೋಡಿದರು. ಅವರ ಹುಬ್ಬು ಮೇಲೇರಿತು. "ಬಂಕಿನವರು ಡೀಸೆಲ್‌ಗೆ ಸೋಪು ಹಾಕಿ ಮಾರ್ತಾರೇನ್ರಿ?"

ವೀರಣ್ಣನ ಪಾದಗಳು ನಿಶ್ಚಲವಾದವು.

ಆಯುಧಪೂಜೆಯ ದಿನ ಅವರು ಪೈಪು ಹಿಡಿದು ಎರಡು ತಾಸು ವ್ಯಾನನ್ನು ಸೋಪಿನಲ್ಲಿ ಮೀಯಿಸಿದ್ದರು. ಡೀಸೆಲ್ ಮುಚ್ಚಳದ ರಬ್ಬರ್ ಉಂಗುರ ಹರಿದದ್ದಕ್ಕೆ ತಮ್ಮ ಹಳೆಯ ಹವಾಯಿ ಚಪ್ಪಲಿಯಿಂದ ಉಂಗುರ ಕತ್ತರಿಸಿ ಹಾಕಿ, ಓಣಿಯವರಿಗೆಲ್ಲ ತೋರಿಸಿದ್ದರು. ಇಂದುಮತಿ ಮುಚ್ಚಳ ಬಿಚ್ಚಿದಾಗ ಆ ನೀಲಿ ಉಂಗುರ ಎಣ್ಣೆಗೆ ಉಬ್ಬಿ, ಸೊಟ್ಟಗಾಗಿ, ಒಂದು ಕಡೆ ಬಾಯಿ ಬಿಟ್ಟಿತ್ತು.

"ಅದು ಎಡಗಾಲಿನ ಚಪ್ಪಲಿ," ಎಂದರು ವೀರಣ್ಣ, ಮೆಲ್ಲಗೆ. "ಬಲಗಾಲಿಂದು ಇನ್ನೂ ಐತಿ."

ಇಂದುಮತಿ ನಕ್ಕ ರಭಸಕ್ಕೆ ಪಾತೇಲಿ ಉರುಳಿತು. ಫೋನಿನೊಳಗೆ ದಾವಲಸಾಬರೂ ನಗುತ್ತಿದ್ದರು.

ನನ್ನನ್ನು ಬಿಚ್ಚಿ ತೊಳೆದರು, ಒರೆಸಿದರು, ಮತ್ತೆ ಕೂರಿಸಿದರು. ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದರು. ವೀರಣ್ಣ ಕೊಳವೆಗೆ ಎಣ್ಣೆ ಏರಿಸುವ ಕೈಪಂಪು ಒತ್ತಿದರು, ಗಾಳಿಯ ಗುಳ್ಳೆಗಳು ಹೊರಟವು, ನಿಂತವು. ನನ್ನೊಳಗೆ ಬೆಳಗಿನ ಬಿಸಿಲಿನ ಬಣ್ಣದ ಎಣ್ಣೆ! ಮೂರನೆಯ ಪ್ರಯತ್ನಕ್ಕೆ ಎಂಜಿನ್ ಗುಡುಗಿತು. ಗಂಟೆ 8.50.

ಕೆರೆಯ ಏರಿಯ ಮೇಲೆ ನಿಂತಾಗ ನನಗೆ ನೀರು ಕಾಣಲಿಲ್ಲ, ಹಕ್ಕಿ ಕಾಣಲಿಲ್ಲ. ಇಂದುಮತಿಯ ಚಪ್ಪಲಿಗಳಷ್ಟೇ ಕಂಡವು. ಮೇಲೆ ನೂರಾರು ಗಂಟಲುಗಳ ಗದ್ದಲ.

"ಏಳಾಕತ್ಯಾವ್ರಿ ಅಕ್ಕಾರ, ಲಗೂ ನೋಡ್ರಿ!" ದ್ಯಾಮಣ್ಣ ಕೂಗಿದ.

ಚಪ್ಪಲಿಗಳು ತುದಿಗಾಲಿನಲ್ಲಿ ನಿಂತವು. "ಎಡಕ್ಕ... ಹಿಂದ ಹೊಂಟಿತು... ಏಳು... ಮುಂದಿಂದು ಕಾಣವಲ್ದು... ತಿರುಗವ್ವಾ, ನಮ್ಮವ್ವಾ, ಒಂದ್ಸಲ ತಿರುಗು..." ಚಪ್ಪಲಿಗಳು ಏರಿಯ ಅಂಚಿಗೆ ಇನ್ನೊಂದು ಹೆಜ್ಜೆ ಸರಿದವು. "ಮೂರು! ಏಳು, ಮೂರು! ರೀ, ಎಪ್ಪತ್ಮೂರು! ಬದುಕ್ಯಾಳ!"

ಅರವತ್ನಾಲ್ಕು ವರ್ಷದ ಆ ಕಾಲುಗಳು ನೆಲ ಬಿಟ್ಟು ಜಿಗಿದದ್ದನ್ನು ನಾನು ನೋಡಿದೆ. ಹತ್ತು ನಿಮಿಷದಲ್ಲಿ ಮೇಲಿನ ಗದ್ದಲ ಉತ್ತರಕ್ಕೆ ಸರಿದು ಸಣ್ಣದಾಗಿ ಮುಗಿಯಿತು.

ಅವಸರದಲ್ಲಿ ವೀರಣ್ಣ ನನ್ನನ್ನು ಅತಿಯಾಗಿ ಬಿಗಿದಿದ್ದರು; ನನ್ನ ಅಂಚು ಸಿಡಿದಿತ್ತು. ಗದಗಿಗೆ ಮರಳಿದ ಮೇಲೆ ದಾವಲಸಾಬರು ನನ್ನ ಜಾಗಕ್ಕೆ ಪ್ಲಾಸ್ಟಿಕ್ ಬಟ್ಟಲು ಹಾಕಿ ನನ್ನನ್ನು ಗುಜರಿ ಡಬ್ಬಿಗೆ ಎಸೆಯಹೊರಟರು. ಇಂದುಮತಿ ಅವರ ಕೈ ತಡೆದರು.

ಈಗ ನಾನು ಇಂದುಮತಿಯ ಮಾಳಿಗೆಯ ಮೇಲೆ, ಆಕಾಶಕ್ಕೆ ತೆರೆದ ಒಂದು ಇಟ್ಟಿಗೆಯ ಗೂಡಿನಲ್ಲಿ, ಮಳೆ ಅಳೆಯಲು ಕೂತಿದ್ದೇನೆ. ನನ್ನ ನೇರ ಗೋಡೆಗೆ ಮಿಲಿಮೀಟರ್ ಪಟ್ಟಿ ಅಂಟಿದೆ. ಕೆರೆ ತುಂಬಿದ ವರ್ಷ ಮಾತ್ರ ಹೆಬ್ಬಾತುಗಳು ಬಂದಿಳಿಯುತ್ತವೆ; ಹಾಗಾಗಿ ಜೂನ್ ಬಂತೆಂದರೆ ಇಂದುಮತಿಗೆ ಮಳೆಯ ಚಿಂತೆ. "ಇದ ಮೋಡ ಬಿದಿರಹಾಳಕ್ಕೂ ಹೋಗತೈತಿ," ಎನ್ನುತ್ತಾರೆ. "ಅದಕ್ಕ ಅಡ್ರೆಸ್ ಕೊಟ್ಟೀಯೇನು?" ಎನ್ನುತ್ತಾರೆ ವೀರಣ್ಣ. ಅವರೀಗ ಪ್ರತಿ ಸೋಮವಾರ ವ್ಯಾನಿನಡಿ ಬಗ್ಗುತ್ತಾರೆ.

ಜೀವಮಾನವಿಡೀ ನಾನು ನೀರನ್ನು ಹಿಡಿದದ್ದು ಹೊರಗೆ ಚೆಲ್ಲಿಸಲಿಕ್ಕೆ. ಮುಪ್ಪಿನಲ್ಲಿ ಅದೇ ನೀರನ್ನು ಒಂದು ಹನಿಯೂ ಚೆಲ್ಲದಂತೆ ಕಾಯುತ್ತೇನೆ. ನಿನ್ನೆ ಸಂಜೆ ಕಪ್ಪನೆಯ ಮೋಡ ಬಂತು. ನಾನು ಬಾಯಿ ತೆರೆದು ಕೂತೆ. ಬೆಳಗ್ಗೆ 8.30ಕ್ಕೆ ಮೆಟ್ಟಿಲು ಹತ್ತಿ ಬಂದ ಇಂದುಮತಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿ, ಕೆಳಗಿದ್ದ ಗಂಡನಿಗೆ ಕೇಳುವಂತೆ ಕೂಗಿದರು:

"ನಲವತ್ತೊಂದು ಮಿಲಿಮೀಟರ್."