ನಾಲ್ಕನೇ ಹಾಡು ಯಾರದು

ಅವರ ಬ್ಯಾಂಡಿನ ಹೆಸರು ತಗಡು. ಹದಿನಾರು ವರ್ಷದ ಹಿಂದೆ ಅಣ್ಣನ ಬಡಗಿ ಕೆಲಸದ ತಗಡಿನ ಶೆಡ್ಡಿನಲ್ಲಿ ಶುರುವಾದದ್ದರಿಂದ ಆ ಹೆಸರು ಬಂತು. ಕೇಳಿದವರು ಸದ್ದಿಗೂ ಅದೇ ಸರಿ ಅಂದರು. ಅಣ್ಣ ಡ್ರಮ್ಸ್ ಬಾರಿಸುತ್ತಿದ್ದ. ಗಿಟಾರಿಗೆ ಇಬ್ಬರು ಗೆಳೆಯರು. ಮುಂದೆ ನಿಂತು ಹಾಡುತ್ತಿದ್ದವಳು ತಂಗಿ. ಕಂಚಿನ ಕಂಠ ಅಂತ ಯಾರೋ ಹೊಗಳಿದ್ದು ಸವೆದು ಸವೆದು ಕಂಚು ಎಂದಾಗಿ, ಈಗ ಅಮ್ಮನನ್ನೂ ಬ್ಯಾಂಕಿನವರನ್ನೂ ಬಿಟ್ಟರೆ ಅವಳನ್ನು ಬೇರೆ ಹೆಸರಿನಿಂದ ಕರೆಯುವವರೇ ಇರಲಿಲ್ಲ.

ಮೂವತ್ತೇಳು ತುಂಬಿದ ವರ್ಷ ಕಂಚು ಒಬ್ಬಳೇ ಒಂದು ಆಲ್ಬಂ ಮಾಡಿದಳು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಳು. ಯಾವುದೂ ಸುಳ್ಳಲ್ಲ, ಯಾವುದೂ ಪೂರ್ತಿ ನಿಜವೂ ಅಲ್ಲ. ಬ್ಯಾಂಡಿನಲ್ಲಿ ಜಗಳವೇನೂ ಆಗಿರಲಿಲ್ಲ. ಒಮ್ಮೆ ಮೆಲ್ಲಗೆ ಹಾಡಿ ನೋಡಬೇಕು ಅನ್ನಿಸಿತ್ತು, ಅಷ್ಟೆ. ಅಣ್ಣ ಹಿಂದೆ ಕೂತಿದ್ದರೆ ಯಾರೂ ಮೆಲ್ಲಗೆ ಹಾಡುವ ಹಾಗಿರಲಿಲ್ಲ.

ಆಲ್ಬಂ ಮಾಡುವ ವಿಷಯವನ್ನು ಅವಳು ಅಣ್ಣನಿಗೆ ಫೋನಿನಲ್ಲಿ ಮೆಸೇಜು ಮಾಡಿ ತಿಳಿಸಿದ್ದಳು. ಎದುರಿಗೆ ಹೇಳಲು ಮೂರು ಸಲ ಹೋಗಿ, ಮೂರು ಸಲವೂ ಮರದ ದಿಮ್ಮಿ ಹಿಡಿದುಕೊಟ್ಟು ವಾಪಸು ಬಂದಿದ್ದಳು. ಮೆಸೇಜಿಗೆ ಅವನು ಹೆಬ್ಬೆರಳಿನ ಚಿತ್ರ ಕಳಿಸಿದ. ಆಮೇಲೆ ಎಂಟು ತಿಂಗಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಗುರುವಾರದ ಅಭ್ಯಾಸಕ್ಕೆ ಅವಳು ಹೋದರೆ, "ಬಂದ್ಯಾ, ಶುರು ಮಾಡೋಣ" ಅನ್ನುತ್ತಿದ್ದ. ಸಿಟ್ಟಾಗಿದ್ದಾನೋ ಖುಷಿಯಾಗಿದ್ದಾನೋ ತಲೆಬುಡ ತಿಳಿಯುತ್ತಿರಲಿಲ್ಲ.

ಬಿಡುಗಡೆಗೆ ಹನ್ನೊಂದು ದಿನ ಇರುವಾಗ ಅವಳು ಅಮ್ಮನ ಮನೆಗೆ ಹೋಗಿ ಹಾಡುಗಳನ್ನು ಕೇಳಿಸಿದಳು. ಅಮ್ಮ ಒಗೆದ ಬಟ್ಟೆ ಮಡಚುತ್ತಾ ಕೇಳುತ್ತಿದ್ದರು. ಮೊದಲ ಮೂರು ಹಾಡಿಗೆ "ಚೆನ್ನಾಗಿದೆ, ಚೆನ್ನಾಗಿದೆ" ಅಂದರು. ನಾಲ್ಕನೆಯದು ಬಂದಾಗ ಅವರ ಕೈ ನಿಂತಿತು.

"ಅಂತೂ ಅಣ್ಣನ ಹಾಡನ್ನೂ ಹಾಕ್ಕೊಂಡ್ಯಲ್ಲ, ಒಳ್ಳೇದು ಮಾಡ್ದೆ."

"ಯಾವ ಅಣ್ಣನ ಹಾಡಮ್ಮ? ಇದು ನಾನು ಮಾಡಿದ್ದು."

"ನಿನಗೆ ನಾಲ್ಕು ವರ್ಷ ಇದ್ದಾಗ ಮೈಯೆಲ್ಲಾ ದದ್ದು ಬಂದಿತ್ತು. ಕೆರ್ಕೋಬಾರ್ದು ಅಂತ ನಿನ್ನ ಎರಡೂ ಕೈ ಹಿಡ್ಕೊಂಡು ಕೂತು ಇದನ್ನೇ ಹಾಡ್ತಿದ್ದ. ಆಗ ಅವನಿಗೆ ಹತ್ತು. ಮಾತಿರಲಿಲ್ಲ, ಬರೀ ಊಂ ಊಂ ಅಂತ." ಅಮ್ಮ ದಿಂಬಿನ ಚೀಲವನ್ನು ನಾಲ್ಕಾಗಿ ಮಡಚಿದರು. "ನಿನಗೆ ನೆನಪಿಲ್ವಾ?"

ನೆನಪಿರಲಿಲ್ಲ. ಅವಳಿಗೆ ನೆನಪಿದ್ದದ್ದು ಕಳೆದ ವರ್ಷದ ಒಂದು ಸಂಜೆ. ಪಾತ್ರೆ ತೊಳೆಯುತ್ತಿದ್ದಾಗ ಆ ರಾಗ ತಾನಾಗಿ ಬಾಯಿಗೆ ಬಂದಿತ್ತು. ಸೋಪಿನ ಕೈಯಲ್ಲೇ ಫೋನ್ ಎತ್ತಿ ರೆಕಾರ್ಡ್ ಮಾಡಿಕೊಂಡಿದ್ದಳು. ಅಷ್ಟು ಸಲೀಸಾಗಿ ಬೇರೆ ಯಾವ ಹಾಡೂ ಬಂದಿರಲಿಲ್ಲ. ಈಗ ಆ ಸಲೀಸಿನ ಮೇಲೇ ಅವಳಿಗೆ ಅನುಮಾನ ಬಂತು.

ಮಾರನೆಯ ಬೆಳಿಗ್ಗೆ ಅಣ್ಣನ ಶೆಡ್ಡಿಗೆ ಹೋದಳು. ಅವನು ಒಂದು ಕಪಾಟಿನ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದ. ಕಾಲಡಿಯೆಲ್ಲ ಮರದ ಸುರುಳಿ.

"ಇದೊಂದು ಕೇಳಣ್ಣ," ಎಂದು ಫೋನನ್ನು ಕೆಲಸದ ಮೇಜಿನ ಮೇಲಿಟ್ಟಳು. ಅಮ್ಮ ಹೇಳಿದ್ದನ್ನು ಹೇಳಲಿಲ್ಲ.

ಅಣ್ಣ ಪೂರ್ತಿ ಕೇಳಿದ. ಹಾಡು ಮುಗಿದ ಮೇಲೂ ಅವನ ಬೆರಳು ಬಾಗಿಲ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು, ಜೊತೆಗೆ ಗಂಟಲಲ್ಲಿ ಏನೋ ಗುನುಗುತ್ತಿದ್ದ. ಕಂಚುವಿನ ಕಿವಿ ನೆಟ್ಟಗಾಯಿತು. ಅವನು ಗುನುಗಿದ್ದು ಹಾಡಿನ ಮುಂದಿನ ಭಾಗ. ಅವಳೂ ಅದನ್ನು ಮಾಡಿದ್ದಳು. ಉದ್ದವಾಯಿತೆಂದು ಸ್ಟುಡಿಯೋದಲ್ಲಿ ತೆಗೆಸಿಹಾಕಿದ್ದಳು. ರೆಕಾರ್ಡಿಂಗ್ ಮಾಡಿದವನೊಬ್ಬನನ್ನು ಬಿಟ್ಟು ಅದನ್ನು ಯಾರೂ ಕೇಳಿರಲಿಲ್ಲ.

"ಅದು ನಿನಗೆ ಹೇಗೆ ಗೊತ್ತು?"

"ಯಾವುದು?"

"ಈಗ ಗುನುಗಿದ್ಯಲ್ಲ."

"ಗೊತ್ತಿರೋದೇನು ಬಂತು? ರಾಗ ಅಲ್ಲಿಗೆ ಹೋಗಬೇಕು ಅನ್ನಿಸ್ತು. ಇನ್ನೆಲ್ಲಿಗೆ ಹೋಗತ್ತೆ?"

ಆಗ ಅವಳು ಅಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಅಣ್ಣ ಉಜ್ಜುಗೊರಡನ್ನು ಪಕ್ಕಕ್ಕಿಟ್ಟ.

"ನಿನ್ನ ದದ್ದು ನೆನಪಿದೆ. ಕೈ ಹಿಡ್ಕೊಂಡಿದ್ದೂ ನೆನಪಿದೆ, ಕಚ್ಚಿದ್ದೆ ನೀನು. ಹಾಡಿದ್ದು ನೆನಪಿಲ್ಲ."

"ನಿಜ ಹೇಳು."

"ನಿಜಾನೇ."

"ನಿನ್ನದೇ ಆಗಿದ್ರೆ ಹೇಳಿಬಿಡು. ಆಲ್ಬಂ ಕವರ್ ಇನ್ನೂ ಪ್ರೆಸ್ಸಿನಲ್ಲಿದೆ, ನಿನ್ನ ಹೆಸರು ಹಾಕಿಸ್ತೀನಿ."

"ನನ್ನ ಹೆಸರು ಹಾಕಿದ್ರೆ ಏನಂತಾರೆ ಗೊತ್ತಾ? ಒಬ್ಬಳೇ ಮಾಡಿದೀನಿ ಅಂದ್ಲು, ಕೊನೆಗೆ ಅಣ್ಣನೇ ತುತ್ತು ಮಾಡಿ ತಿನ್ನಿಸ್ಬೇಕಾಯ್ತು ಅಂತಾರೆ. ಬೇಡ ಬಿಡು."

ಇದು ಅವಳ ಮೇಲಿನ ಅಕ್ಕರೆಯೋ, ಚುಚ್ಚುಮಾತೋ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು. ಅವನು ಆಗಲೇ ಕಪಾಟಿನ ಬಾಗಿಲ ಕಡೆ ತಿರುಗಿಕೊಂಡಿದ್ದ.

ಮನೆಗೆ ಹೋಗಿ ಅವಳು ಉಳಿದ ಏಳು ಹಾಡುಗಳನ್ನೂ ಅನುಮಾನದಿಂದಲೇ ಕೇಳಿದಳು. ಎರಡನೆಯದರ ಪಲ್ಲವಿಯಲ್ಲಿ ಬ್ಯಾಂಡಿನ ಗಿಟಾರಿನವನೊಬ್ಬನ ಚಾಳಿ ಕಂಡಿತು. ಆರನೆಯದರಲ್ಲಿ ಡ್ರಮ್ಸೇ ಇರಲಿಲ್ಲ, ಆದರೆ ಅಣ್ಣ ಇದ್ದಿದ್ದರೆ ಬಾರಿಸುತ್ತಿದ್ದ ಜಾಗಗಳಲ್ಲೆಲ್ಲ ಅವಳು ಉಸಿರು ತೆಗೆದುಕೊಂಡಿದ್ದಳು. ಹದಿನಾರು ವರ್ಷ ಒಂದೇ ಶೆಡ್ಡಿನಲ್ಲಿ ಉಸಿರಾಡಿದ ಮೇಲೆ ಯಾವುದು ಯಾರ ಉಸಿರು? ಕೇಳಿದಷ್ಟೂ ತನ್ನ ದನಿಯೇ ಯಾರದೋ ಅನ್ನಿಸಿ, ಕೊನೆಗೆ ಹಾಡು ನಿಲ್ಲಿಸಿದಳು.

ಮಧ್ಯಾಹ್ನ ಪ್ರೆಸ್ಸಿನವನಿಗೆ ಫೋನ್ ಮಾಡಿದಳು. "ನಾಲ್ಕನೇ ಹಾಡಿಗೆ ರಾಗದ ಸಾಲಿನಲ್ಲಿ ನನ್ನ ಹೆಸರಿನ ಪಕ್ಕ ಅಣ್ಣನ ಹೆಸರೂ ಹಾಕಿ."

"ಮೇಡಂ, ಇವತ್ತೇ ಮಷಿನ್ನಿಗೆ ಹಾಕ್ತಿದೀನಿ. ಇದೇ ಕೊನೇ ತಿದ್ದುಪಡಿ ತಾನೆ?"

"ಕೊನೇದು," ಎಂದಳು.

ಐದು ದಿನಕ್ಕೆ ಐನೂರು ಕವರ್ ಮನೆಗೆ ಬಂದವು. ಎರಡು ಹೆಸರೂ ಅಚ್ಚುಕಟ್ಟಾಗಿ ಕೂತಿದ್ದವು. ಅದೇ ಸಂಜೆ ಅಮ್ಮನ ಫೋನ್ ಬಂತು.

"ಪುಟ್ಟಿ, ಅವತ್ತಿಂದ ಯೋಚನೆ ಮಾಡ್ತಿದ್ದೆ. ಅದು ನಿನ್ನ ಅಣ್ಣ ಮಾಡಿದ್ದಲ್ಲ ಅನ್ಸತ್ತೆ."

"ಮತ್ತೆ?"

"ನಿಮ್ಮ ಸೋದರತ್ತೆ ಹೊಲಿಗೆ ಮಷಿನ್ ತುಳೀತಾ ಗುನುಗ್ತಿದ್ಲು. ಇವನು ಪಕ್ಕದಲ್ಲಿ ಗುಂಡಿ ಆರಿಸ್ತಾ ಕೂತಿರ್ತಿದ್ದ, ಕಲಿತಿರಬೇಕು. ಇಲ್ಲಾಂದ್ರೆ ಇವನಿಂದ ಅವಳೇ ಕಲಿತಳೋ. ರೇಡಿಯೋದಲ್ಲಿ ಬರ್ತಿತ್ತೋ ಏನೋ, ಯಾರಿಗೆ ಗೊತ್ತು."

ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಕೇಳಲು ಹೋಗುವುದಾದರೂ ಎಲ್ಲಿಗೆ?

ಕಂಚು ಒಂದು ಕವರ್ ಹಿಡಿದುಕೊಂಡು ಮತ್ತೆ ಶೆಡ್ಡಿಗೆ ಹೋದಳು. ಅಣ್ಣ ಹೆಸರು ನೋಡಿ ಹುಬ್ಬು ಗಂಟಿಕ್ಕಿದ. "ಬೇಡ ಅಂದಿದ್ನಲ್ಲ." ಅವಳು ಅತ್ತೆಯ ಸುದ್ದಿ ಹೇಳಿದಳು. ಅವನು ಭುಜ ಕುಲುಕಿಸಿ ನಗತೊಡಗಿದ. ಎಂಟು ತಿಂಗಳಲ್ಲಿ ಅವನು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ.

"ಹಾಗಾದ್ರೆ ಇಬ್ರೂ ಕಳ್ಳರು," ಅಂದ. "ಅಚ್ಚು ಹಾಕಿಸಿ ಒಪ್ಕೊಂಡಿದೀಯ ಬೇರೆ."

ಅವಳೂ ನಕ್ಕಳು. ನಗು ಮುಗಿದ ಮೇಲೆ ಅವನು ಕವರನ್ನು ಹಿಂದೆ ಮುಂದೆ ತಿರುಗಿಸುತ್ತಾ, ಮುಖ ಕೊಡದೆ ಹೇಳಿದ: "ಹಾಡು ಯಾರದಾದ್ರೂ ಆಗಿರ್ಲಿ. ಒಬ್ಬಳೇ ಆಲ್ಬಂ ಮಾಡ್ತೀನಿ ಅನ್ನೋದನ್ನ ನೀನು ಮೆಸೇಜಲ್ಲಿ ಹೇಳ್ಬಾರ್ದಿತ್ತು."

"ಹೌದು," ಎಂದಳು ಕಂಚು.

"ನೀನು ಮೂರು ಸಲ ಬಂದು ದಿಮ್ಮಿ ಹಿಡಿದುಕೊಟ್ಟು ಹೋದೆ. ಏನೋ ಇದೆ ಅಂತ ನನಗೂ ಗೊತ್ತಾಗಿತ್ತು. ಕೇಳ್ಬೇಕಿತ್ತು, ಕೇಳ್ಲಿಲ್ಲ." ಅವನು ಕವರನ್ನು ಧೂಳು ಕೂರದ ಜಾಗ ಹುಡುಕಿ ಮೇಲಿನ ಹಲಗೆಯ ಮೇಲಿಟ್ಟ.

ಬಿಡುಗಡೆ ಪುಸ್ತಕದ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ನಡೆಯಿತು. ಅರವತ್ತು ಕುರ್ಚಿ, ಮೂರು ಖಾಲಿ. ಹಿಂದೆ ಯಾರೂ ಬಾರಿಸದೆ ಹಾಡುವಾಗ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಜೇಬಿನಲ್ಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ನಾಲ್ಕನೆಯ ಹಾಡನ್ನು ಉದ್ದವಾದರೂ ಆಗಲಿ ಎಂದು ತೆಗೆದುಹಾಕಿದ್ದ ಭಾಗದ ಸಮೇತ ಹಾಡಿದಳು. ಅಣ್ಣ ಮೂರನೇ ಸಾಲಿನಲ್ಲಿ ಅಮ್ಮನ ಪಕ್ಕ, ಕೈ ಕಟ್ಟಿ, ನೆಲ ನೋಡುತ್ತಾ ಕೂತಿದ್ದ. ಅಮ್ಮ ಮಾತ್ರ ಪಕ್ಕದ ಅಪರಿಚಿತ ಹೆಂಗಸಿಗೆ ಏನನ್ನೋ ಪಿಸುಗುಟ್ಟುತ್ತಿದ್ದರು.

ಹಾಡು ಮುಗಿದ ಮೇಲೆ ರೇಡಿಯೋದವನೊಬ್ಬ ಕೇಳಿದ, "ಈ ರಾಗ ಹೇಗೆ ಹುಟ್ಟಿತು?"

"ನಿಜವಾಗ್ಲೂ ಗೊತ್ತಿಲ್ಲ," ಎಂದಳು ಕಂಚು. ಜನ ಚಪ್ಪಾಳೆ ತಟ್ಟಿದರು. ವಿನಯ ಅಂದುಕೊಂಡರು ಕಾಣುತ್ತದೆ.

ಭಾನುವಾರದ ಪತ್ರಿಕೆಯ ವಿಮರ್ಶಕ, ಬ್ಯಾಂಡಿನ ನೆರಳಿನಿಂದ ಹೊರಬಂದು ಗಾಯಕಿ ತನ್ನದೇ ದನಿ ಕಂಡುಕೊಂಡಿದ್ದು ನಾಲ್ಕನೆಯ ಹಾಡಿನಲ್ಲಿ ಎಂದು ಬರೆದ. ಅವಳು ಅದನ್ನು ಎರಡು ಸಲ ಓದಿದಳು. ಸಂತೋಷಪಡಬೇಕೋ ನಾಚಬೇಕೋ ಗೊತ್ತಾಗದೆ ಪತ್ರಿಕೆಯನ್ನು ಮಡಚಿಟ್ಟಳು.

ಗುರುವಾರ ಬಂತು. ಬಾ ಎಂದು ಯಾರೂ ಕರೆದಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ. ಅವಳು ಶೆಡ್ಡಿನ ಬಾಗಿಲಲ್ಲಿ ನಿಂತಾಗ ಒಳಗೆ ಮೂವರೂ ಒಂದು ಹಳೆಯ ಹಾಡಿನ ವೇಗದ ಬಗ್ಗೆ ಜೋರಾಗಿ ಕಿತ್ತಾಡುತ್ತಿದ್ದರು. ಅಣ್ಣ ತಲೆಯೆತ್ತಿ, "ನೀನೇ ಹೇಳು, ಇದು ನಿಧಾನ ಆಯ್ತಾ ಇಲ್ವಾ?" ಅಂದ.

"ಮೊದಲಿಂದ ಬಾರಿಸು, ನೋಡೋಣ," ಎಂದು ಕಂಚು ಚಪ್ಪಲಿ ಬಿಟ್ಟು ಒಳಗೆ ಹೋದಳು.