ಮಾವನ ಕಿವಿಗೆ ಕಂಪನಿಯ ಬೀಗ

ಆ ಮನೆಯಲ್ಲಿ ಎಲ್ಲರ ಗಂಟಲೂ ಕಟ್ಟಿತ್ತು. ಕೂಗಿ ಕೂಗಿ ಸಾಕಾಗಿತ್ತು. ಮಾವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕೇಳಿಸುವುದಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವೂ ಅವರದಲ್ಲ. ಯಾರು ಏನು ಕೇಳಿದರೂ ತಲೆಯಾಡಿಸಿ "ಆಗಲಿ" ಎಂದುಬಿಡುತ್ತಿದ್ದರು. ನೀರು ಬೇಕಾ ಎಂದರೆ ಆಗಲಿ. ಟೈಮೆಷ್ಟು ಎಂದರೂ ಆಗಲಿ.

ಮಾವನದು ಸೈಕಲ್ ರಿಪೇರಿ ಕೆಲಸ. ಬೆಂಡಾದ ಚಕ್ರವನ್ನು ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿ, ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಬಿಗಿಯೋ ಸಡಿಲವೋ ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ಕಿವಿ ಮಂದವಾದ ಮೇಲೆ ಮನೆಯವರು ಒತ್ತಾಯ ಮಾಡಿ ಒಂದು ಕಿವಿಯಂತ್ರ ಕೊಡಿಸಿದರು. ಅದರ ಸದ್ದನ್ನು ಹೆಚ್ಚು ಕಡಿಮೆ ಮಾಡಲು ಫೋನಿನ ಆ್ಯಪ್ ಬೇಕು. ಒಂದು ಬೆಳಿಗ್ಗೆ ಆ್ಯಪ್ ಹೊಸ ಆವೃತ್ತಿಯ ಷರತ್ತು ಎಂದು ಏನೋ ಉದ್ದುದ್ದ ತೋರಿಸಿ ಒಪ್ಪಿಗೆಯೇ ಎಂದು ಕೇಳಿತು. ಸೊಸೆ ಒಲೆಯ ಮೇಲಿನ ಹಾಲು ನೋಡುತ್ತಲೇ "ಒಪ್ಪಿದೆ" ಒತ್ತಿದಳು. ಆಮೇಲೆ ಆ್ಯಪ್ ತೆರೆಯಲಿಲ್ಲ, ಯಂತ್ರದ ಸದ್ದು ಏರಲಿಲ್ಲ. ಒಂದೇ ಪಲ್ಲವಿ: ನಿಮ್ಮ ಫೋನು ಹಳೆಯದು, ಹೊಸದು ಕೊಳ್ಳಿ. ಯಂತ್ರ ಕೆಟ್ಟಿರಲಿಲ್ಲ, ಫೋನೂ ಕೆಟ್ಟಿರಲಿಲ್ಲ. ಮಾವ ಮಾತ್ರ ಕಿವುಡರಾಗಿ ಕೂತರು.

ಕಂಪನಿಗೆ ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಿತ್ತು. ಒತ್ತಿ ಒತ್ತಿ ಸೊಸೆಯ ತಾಳ್ಮೆ ತಳ ಕಂಡಿತು. ಕೊನೆಗೆ ಫೋನ್ ರಿಪೇರಿ ಅಂಗಡಿಯ ಅಕ್ಕನ ಹತ್ತಿರ ಹೋದಳು.

"ಆ್ಯಪ್ಪಿಗೆ ಕಂಪನಿನೇ ಬೀಗ ಹಾಕಿದೆ ಕಣೇ," ಎಂದಳು ಅಕ್ಕ. "ನಿಮ್ಮ ಮಾವ ಯಾವ ಸೈಕಲ್ ಆದ್ರೂ ಬಿಚ್ಚಿ ಸರಿಮಾಡ್ತಾರಲ್ಲ? ಬೋಲ್ಟಿಗೆಲ್ಲ ಬೆಸುಗೆ ಹಾಕಿಬಿಟ್ಟಿದ್ರೆ ಏನು ಮಾಡ್ತಿದ್ರು?"

ಬೋಲ್ಟ್ ಬಿಚ್ಚಲು ಬರುವಂಥ ತಂತ್ರಾಂಶವೂ ಇದೆಯಂತೆ. ಅದಕ್ಕೆ ಸ್ವತಂತ್ರ ತಂತ್ರಾಂಶ ಎನ್ನುತ್ತಾರಂತೆ. ಸ್ವತಂತ್ರ ಎಂದರೆ ಬಿಟ್ಟಿ ಎಂದಲ್ಲ. ಬಲ್ಲವರು ಯಾರಾದರೂ ಒಳಗೆ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಹಳೆಯ ಫೋನುಗಳಿಗೆ ಅಂಥ ಆ್ಯಪ್ ಬರೆದುಕೊಡುವ ಜನ ಇದ್ದಾರೆ. ಆದರೆ ಯಂತ್ರದ ಜೊತೆ ಹೇಗೆ ಮಾತಾಡಬೇಕು ಎಂಬುದನ್ನೇ ಕಂಪನಿ ಮುಚ್ಚಿಟ್ಟಿದೆ. ಹಾಗಂತ ಇಂಥವರು ಬರೆದ ತಂತ್ರಾಂಶವನ್ನು ತನ್ನ ಕೆಲಸಕ್ಕೆ ಬಳಸುವುದನ್ನೇನೂ ಬಿಟ್ಟಿಲ್ಲ.

"ತಗೊಳ್ಳುವಾಗ ಎರಡೂ ಕೈ ಮುಂದೆ. ಕೊಡುವಾಗ ಒಂದೂ ಕಾಣಲ್ಲ," ಎಂದಳು ಅಕ್ಕ. "ಅವರಿಗೆ ಪತ್ರ ಬರಿ."

ಮನೆಯಲ್ಲಿ ಈ ಮಾತೆತ್ತಿದರೆ ಅತ್ತೆ ನಕ್ಕರು. "ಅಷ್ಟು ದೊಡ್ಡ ಕಂಪನಿ ನಿನ್ನ ಮಾತು ಕೇಳುತ್ತೇನೇ? ಮೊದಲು ಅದಕ್ಕೊಂದು ಕಿವಿಯಂತ್ರ ಕೊಡಿಸು."

ಸೊಸೆ ಎದುರು ಮಾತಾಡುವವಳಲ್ಲ. ಪಾತ್ರೆ ತೊಳೆಯಲು ಹೋದಳು.

ಮರುದಿನ ಹಳೇ ಕಬ್ಬಿಣದವನು ಬಂದ. ಅತ್ತೆ ಬಟ್ಟೆ ಒಣಗಿಸುತ್ತಿದ್ದರು. ತಿರುಗಿ ನೋಡಿದರೆ ಮಾವನ ಸ್ಟ್ಯಾಂಡು ಅವನ ಗಾಡಿಯ ಮೇಲೆ ಹೊರಟಿತ್ತು. ಒದ್ದೆ ಟವೆಲ್ ಹೆಗಲ ಮೇಲಿರುವಂತೆಯೇ ಓಡಿಹೋಗಿ ಗಾಡಿ ಹಿಡಿದರು. ತಾನೇನೂ ಕದ್ದಿಲ್ಲ, ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಯಜಮಾನರೇ ಆಗಲಿ ಎಂದರು ಎಂದು ಅವನು ಗೊಣಗಿದ.

"ಕೇಳಿಸದೇ ಇರೋರ ಒಪ್ಪಿಗೆ ಒಂದು ಒಪ್ಪಿಗೆನಾ?" ಎಂದು ಅತ್ತೆ ಸ್ಟ್ಯಾಂಡನ್ನು ಎಳೆದುಕೊಂಡರು.

ಹಿಂದೆಯೇ ಓಡಿಬಂದು ಅದರ ಇನ್ನೊಂದು ತುದಿ ಹಿಡಿದ ಸೊಸೆ ಮೆಲ್ಲಗೆ ಹೇಳಿದಳು. "ಅತ್ತೆ, ಓದದೇ ನಾನು ಒತ್ತಿದ್ದೂ ಅಂಥದೇ ಒಪ್ಪಿಗೆ."

ಅತ್ತೆ ಸ್ಟ್ಯಾಂಡನ್ನು ಬೀದಿಯಲ್ಲೇ ಇಳಿಸಿದರು. ಆಮೇಲೆ, "ನಡಿ, ಬರಿ," ಎಂದರು.

ಸೊಸೆ ಬರೆದಳು: ನೀವು ಹಳೆಯ ಫೋನುಗಳ ಕೈಬಿಟ್ಟರೆ ಬಿಡಿ. ಆದರೆ ಬೀಗ ತೆಗೆದು ಹೋಗಿ. ಆ್ಯಪ್‌ನ ಒಳಗುಟ್ಟನ್ನೂ ಯಂತ್ರದ ಜೊತೆ ಮಾತಾಡುವ ಬಗೆಯನ್ನೂ ತೆರೆದಿಡಿ, ಬಲ್ಲವರು ನಡೆಸಿಕೊಂಡು ಹೋಗುತ್ತಾರೆ. ಅವರಿಂದ ಪಡೆದಿದ್ದೀರಿ, ಅವರ ಕೆಲಸಕ್ಕೆ ನೆರವಾಗಿ. ನಮ್ಮ ಮಾವ ಮತ್ತೆ ಚಕ್ರದ ಸದ್ದು ಕೇಳಬೇಕು.

ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಆಗಲಿ ಅಂದೂ ಅಂದೂ ಸ್ಟ್ಯಾಂಡೇ ಹೋಗ್ತಿತ್ತು," ಎಂದರು. "ಹೀಗೆ ಬೀಗ ಹಾಕಿದ್ರೆ ಆಗೋದಿಲ್ಲ ಅಂತ ಕೊನೇಲಿ ಬರಿ. ಕೆಳಗೆ ನನ್ನ ಸಹಿ ಇರಲಿ."

ಅತ್ತೆಯೂ ಸಹಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ.

ಓದುತ್ತಿರುವವರೇ, ಒಂದು ಮನೆಯ ಪತ್ರವನ್ನು ಪಕ್ಕಕ್ಕಿಡುವುದು ಸುಲಭ. ಬೀದಿ ಬೀದಿಯಿಂದ ಬಂದರೆ ಇಡಲು ಅವರ ಮೇಜು ಸಾಲದು. ಕೆಟ್ಟಿರದ ವಸ್ತು ನಿಮ್ಮ ಮನೆಯಲ್ಲೂ ಹೀಗೆ ಮೂಲೆ ಸೇರಿದ್ದರೆ, ಅದನ್ನು ಮಾಡಿದ ಕಂಪನಿಗೆ ಇವತ್ತೇ ಬರೆಯಿರಿ. ಬೀಗ ತೆಗೆಯಿರಿ, ಸ್ವತಂತ್ರ ತಂತ್ರಾಂಶಕ್ಕೆ ಕೈಜೋಡಿಸಿ ಎಂದು ಕೇಳಿ. ಓದದೆ ಮಾತ್ರ ಇನ್ನು ಯಾವುದಕ್ಕೂ ಆಗಲಿ ಎನ್ನಬೇಡಿ.