ರಸ್ತೆಯಾಚೆಯ ಮ್ಯೂಸಿಯಂಗೆ ಆನ್‌ಲೈನ್ ಪ್ರವಾಸ

ನಮ್ಮ ಶಾಲೆಯ ಗೇಟಿನಿಂದ ಮ್ಯೂಸಿಯಂ ಗೇಟಿಗೆ ಮೂವತ್ತನಾಲ್ಕು ಹೆಜ್ಜೆ. ನಡುವೆ ಒಂದು ರಸ್ತೆ, ಅದರಲ್ಲಿ ಗಂಟೆಗೆ ನಾಲ್ಕು ಸೈಕಲ್. ಈ ಭಯಂಕರ ದೂರ ದಾಟಿಸಿ ಮಕ್ಕಳಿಗೆ ಇತಿಹಾಸ ತೋರಿಸುವುದು ಹೇಗಪ್ಪಾ ಎಂದು ತಲೆ ಕೆಡಿಸಿಕೊಂಡಿದ್ದ ಇಲಾಖೆಗೆ ಕೊನೆಗೂ ಜ್ಞಾನೋದಯವಾಯಿತು. ಇಡೀ ಮ್ಯೂಸಿಯಂ ಅನ್ನು ಫೋಟೋ ಹೊಡೆದು ಇಂಟರ್ನೆಟ್ಟಿಗೆ ಏರಿಸಿಬಿಟ್ಟರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಹಳೇ ಪದ್ಧತಿ. ಈಗ ಕಂಪ್ಯೂಟರಿನಲ್ಲಿ ಹುಡುಕುತ್ತಾರೆ.

ಇಂಟರ್ನೆಟ್ಟಿಗೆ ಏರಿದ ಮೇಲೆ ಕಟ್ಟಡ ಯಾಕೆ ತೆರೆದಿರಬೇಕು? ಶುಕ್ರವಾರ ಸಂಜೆಗೆ ಬಾಗಿಲು ಮುಚ್ಚಿ ಎಂದು ಆದೇಶ ಬಂತು. ಆ ಬಾಗಿಲಲ್ಲಿ ಮೂವತ್ತೊಂದು ವರ್ಷದಿಂದ ಕೂತಿರುವ ಕಾವಲುಗಾರ ನಮ್ಮಪ್ಪ.

ಅಪ್ಪನ ಕೆಲಸ ಕಾಯುವುದು. ಆದರೆ ಬಂದ ಮಕ್ಕಳನ್ನೆಲ್ಲ ಒಳಗಿನ ಒಂದು ದೊಡ್ಡ ಬೀಗದ ಮುಂದೆ ಕೂರಿಸಿ ಅದರ ಕಥೆ ಹೇಳದೆ ಬಿಟ್ಟವರಲ್ಲ. ಎರಡು ವರ್ಷದಿಂದ ಯಾವ ಶಾಲೆಯೂ ಆ ಕಡೆ ತಲೆ ಹಾಕಿರಲಿಲ್ಲ. ಕಥೆ ಕೇಳುವವರು ನಾನು ಮತ್ತು ಅಮ್ಮ ಮಾತ್ರ, ಅದೂ ಊಟದ ತಟ್ಟೆ ಬಿಟ್ಟು ಏಳಲಾಗದ ಕಾರಣಕ್ಕೆ.

"ಮುಚ್ಚೋಕೆ ಮುಂಚೆ ಒಂದೇ ಒಂದು ಕ್ಲಾಸು ಕರ್ಕೊಂಡು ಬಾರೋ," ಎಂದರು ಅಪ್ಪ. "ಒಂದ್ಸಲ ಹೇಳಿ ಎದ್ದು ಬಂದುಬಿಡ್ತೀನಿ."

ನನ್ನಲ್ಲಿ ಅವರು ಏನನ್ನೂ ಕೇಳಿದವರಲ್ಲ. "ಅದಕ್ಕೇನಪ್ಪ, ಕರ್ಕೊಂಡು ಬರ್ತೀನಿ," ಎಂದುಬಿಟ್ಟೆ. ನಾನು ಅದೇ ಶಾಲೆಯ ಇತಿಹಾಸದ ಮೇಷ್ಟ್ರು, ಅಷ್ಟೂ ಆಗುವುದಿಲ್ಲವೇ?

ಆಗುವುದಿಲ್ಲ. ನಮ್ಮ ಹೆಡ್‌ಮಾಸ್ಟರಿಗೆ ಸ್ಟಾಫ್ ರೂಮಿನಲ್ಲಿ 'ಸುತ್ತೋಲೆ' ಎಂದೇ ಹೆಸರು. ಮೇಲಿನಿಂದ ಕಾಗದ ಬರದೆ ಅವರು ಕೆಮ್ಮುವುದೂ ಇಲ್ಲ.

"ರಸ್ತೆ ದಾಟಿದ್ರೆ ಅದು ಪ್ರವಾಸ ಆಗುತ್ತೆ ಮೇಷ್ಟ್ರೇ. ಪ್ರವಾಸಕ್ಕೆ ಮೂರು ಕಡೆಯಿಂದ ಅನುಮತಿ ಬೇಕು, ಒಂದು ತಿಂಗಳು ಹಿಡಿಯುತ್ತೆ. ಆನ್‌ಲೈನಲ್ಲಿ ತೋರಿಸಿ. ಮೂವತ್ತು ನಿಮಿಷ ತೋರಿಸಿ ಶುಕ್ರವಾರವೇ ವರದಿ ಕಳಿಸಬೇಕು."

ಹೊಟ್ಟೆ ಉರಿದುಹೋಯಿತು. "ಆಗಲಿ ಸರ್," ಎಂದೆ. ಸಂಬಳದವರ ಹೊಟ್ಟೆ ಎಷ್ಟೇ ಉರಿದರೂ ಬಾಯಿಂದ ಬರುವುದು ಅದೊಂದೇ.

ಶುಕ್ರವಾರ ಕ್ಲಾಸಿನಲ್ಲಿ ಪ್ರೊಜೆಕ್ಟರ್ ಪರದೆ ಇಳಿಸಿ, ಕಿಟಕಿ ಮುಚ್ಚಿದೆವು. ಮ್ಯೂಸಿಯಂ ಕಾಣುತ್ತಿದ್ದದ್ದೇ ಆ ಕಿಟಕಿಯಿಂದ, ಆದರೆ ಬೆಳಕಿದ್ದರೆ ಪರದೆಯ ಮೇಲೆ ಮ್ಯೂಸಿಯಂ ಸರಿಯಾಗಿ ಕಾಣುವುದಿಲ್ಲವಲ್ಲ! ಹಿಂದಿನ ಬೆಂಚಿನಲ್ಲಿ ಸುತ್ತೋಲೆ ಸಾಹೇಬರು ಗಡಿಯಾರ ಹಿಡಿದು ಕೂತರು. ನಾನು ಬಾಣದ ಗುರುತು ಒತ್ತುತ್ತ ಒತ್ತುತ್ತ ಒಳಗೆ ಹೋದೆ. ಬೀಗ ಬಂತು. ಕೆಳಗೆ ಪಂಡಿತರು ಬರೆದಿದ್ದರು: 'ಬೀಗ. ಕಬ್ಬಿಣ. ಉಪಯೋಗ: ಬೀಗ ಹಾಕಲು.' ಎಂಥ ಸಂಶೋಧನೆ!

"ಸರ್, ಪಕ್ಕದಲ್ಲಿ ಕುರ್ಚಿ ಮೇಲೆ ಕೂತಿರೋರು ಯಾರು? ಮುಖ ಯಾಕೆ ಅಳಿಸಿಬಿಟ್ಟಿದ್ದಾರೆ?" ಎಂದು ಒಬ್ಬ ಹುಡುಗಿ ಎದ್ದು ನಿಂತಳು. ಬಾಯಿ ತೆರೆದರೆ ಪ್ರಶ್ನೆಯೇ, ಹಾಗಾಗಿ ಎಲ್ಲರಿಗೂ ಅವಳು 'ಪ್ರಶ್ನೆಪತ್ರಿಕೆ'.

ನೋಡಿದೆ. ಅದೇ ಟೋಪಿ, ಅದೇ ಮಂಡಿ ಮೇಲಿನ ಕೈ. ಕಂಪ್ಯೂಟರು ಮುಖಕ್ಕೆ ಮಾತ್ರ ಮಂಜು ಬಳಿದಿತ್ತು. "ನಮ್ಮಪ್ಪ," ಎಂದೆ.

"ಅವರು ಪ್ರದರ್ಶನದ ವಸ್ತು ಅಲ್ಲ ಮೇಷ್ಟ್ರೇ, ಮುಂದೆ ಹೋಗಿ," ಎಂದರು ಸಾಹೇಬರು ಹಿಂದಿನ ಬೆಂಚಿನಿಂದ.

ಮುಂದೆ ಹೋಗಲಿಲ್ಲ. ಇಂಟರ್ನೆಟ್ಟೇ ಹೋಯಿತು. ಪರದೆಯ ಮೇಲೆ ಒಂದು ಚಕ್ರ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಆಗಿದ್ದದ್ದು ಬರೀ ಎಂಟು ನಿಮಿಷ. ಸಾಹೇಬರ ಹಣೆಯಲ್ಲಿ ಬೆವರೊಡೆಯಿತು.

"ಅಯ್ಯಯ್ಯೋ, ಇನ್ನೂ ಇಪ್ಪತ್ತೆರಡು ನಿಮಿಷ! ವರದಿ ಏನಂತ ಕಳಿಸಲಿ?"

ಬುದ್ಧಿ ಅಪರೂಪಕ್ಕೊಮ್ಮೆ ಸಮಯಕ್ಕೆ ಬರುತ್ತದೆ. "ಸರ್, ಎದುರುಗಡೆ ಮ್ಯೂಸಿಯಂ ಒಳಗೆ ಸಿಗ್ನಲ್ ಚೆನ್ನಾಗಿದೆಯಂತೆ. ಅಲ್ಲೇ ಕೂತು ಆನ್‌ಲೈನ್ ಮ್ಯೂಸಿಯಂ ತೋರಿಸಿಬಿಡೋಣ," ಎಂದೆ.

"ರಸ್ತೆ ದಾಟಿದ್ರೆ ಪ್ರವಾಸ..."

"ಪ್ರವಾಸ ಎಲ್ಲಿ ಬಂತು ಸರ್? ಸಿಗ್ನಲ್ ಹುಡುಕ್ಕೊಂಡು ಹೋಗ್ತಿದ್ದೀವಿ. ಅದು ಬೇಡ ಅಂತ ಯಾವ ಕಾಗದದಲ್ಲೂ ಇಲ್ಲ."

ಅವರು ಯೋಚಿಸಿದರು. ನಿಜವಾಗಿಯೂ ಇರಲಿಲ್ಲ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಾವೇ ಮುಂದೆ ನಡೆದರು. ಮ್ಯೂಸಿಯಂನಲ್ಲಿ ಕೂತು ಮ್ಯೂಸಿಯಂನ ಫೋಟೋ ನೋಡಲು ನಲವತ್ತೊಂದು ಮಕ್ಕಳು ಸಾಲಾಗಿ ಅವರ ಹಿಂದೆ ಹೊರಟರು.

ಅಪ್ಪ ಕುರ್ಚಿಯಿಂದ ಎದ್ದರು. ನನ್ನನ್ನು ನೋಡಲಿಲ್ಲ, ಮಕ್ಕಳನ್ನೇ ನೋಡಿದರು. ಟೋಪಿ ನೇರ ಮಾಡಿಕೊಂಡರು. ಸಾಹೇಬರು ಸಿಗ್ನಲ್ ಹುಡುಕುತ್ತ ಕಿಟಕಿಯಿಂದ ಕಿಟಕಿಗೆ ಅಲೆಯುತ್ತಿದ್ದಾಗ ನಾನು ಮಕ್ಕಳನ್ನು ಬೀಗದ ಸುತ್ತ ಕೂರಿಸಿದೆ.

"ಈ ಬೀಗ..." ಎಂದರು ಅಪ್ಪ. ನಿಲ್ಲಿಸಿದರು. "ಈ ಬೀಗ ಇದೆಯಲ್ಲ..."

ಅಷ್ಟೇ. ಮುಂದೆ ಒಂದು ಮಾತೂ ಹೊರಡಲಿಲ್ಲ. ಸಾವಿರ ಸಲ ಹೇಳಿದ ಕಥೆ! ಕಣ್ಣು ಒದ್ದೆಯಾಗಿತ್ತು. ನನ್ನ ಕೊಂಕು ಮಾತೆಲ್ಲ ಎಲ್ಲಿ ಅಡಗಿತೋ.

"ಬಂತು, ಬಂತು! ಸಿಗ್ನಲ್ ಬಂತು! ಎಲ್ಲ ಈ ಕಡೆ ಬನ್ನಿ!" ಎಂದು ಸಾಹೇಬರು ಮೂಲೆಯಿಂದ ಕೂಗಿದರು. ಮಕ್ಕಳು ಏಳತೊಡಗಿದರು.

ಊಟದ ತಟ್ಟೆಯ ಮುಂದೆ ನನಗೂ ಬಾಯಿಪಾಠವಾಗಿದ್ದ ಕಥೆ. ನಾನೇ ಗಂಟಲು ಹರಿಯುವಂತೆ ಶುರುಮಾಡಿದೆ. "ಮಕ್ಕಳೇ! ಶತ್ರುಗಳು ಮುತ್ತಿಗೆ ಹಾಕಿದಾಗ ನಮ್ಮೂರಿನ ಹಿರಿಯರು ಕೋಟೆ ಬಾಗಿಲಿನ ಈ ಬೀಗ ತೆಗೆದು, ಕತ್ತಿ ಹಿರಿದು, ಮಹಾ ಶೌರ್ಯದಿಂದ..."

"ಏನಂದೆ?" ಅಪ್ಪ ಗಕ್ಕನೆ ನನ್ನ ಕಡೆ ತಿರುಗಿದರು. "ಶೌರ್ಯಾನಾ? ಯಾವ ಕತ್ತೆ ಹೇಳ್ತೋ ನಿಂಗೆ? ಬಾಗಿಲು ತೆಗೆದು ಕಾಲಿಗೆ ಬೀಳೋಕೆ ಹೊರಟಿದ್ರು, ಹೇಡಿಗಳು! ಕೀಲಿನೇ ಸಿಗಲಿಲ್ಲ!"

ಎದ್ದಿದ್ದ ಮಕ್ಕಳು ಕೂತುಬಿಟ್ಟರು.

"ಸಿಗದೆ ಏನ್ಮಾಡಿದ್ರು?" ಎಂದಳು ಪ್ರಶ್ನೆಪತ್ರಿಕೆ.

"ಸಿಗದೆ ಏನು? ಮೂರು ದಿನ ಹುಡುಕಿದ್ರು ಕಣಮ್ಮಾ," ಎನ್ನುತ್ತ ಅಪ್ಪ ನನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿ, ನಾನು ನಿಂತಿದ್ದ ಜಾಗದಲ್ಲಿ ತಾವು ನಿಂತರು. "ಈ ದಡ್ಡನ ಮಾತು ಬಿಡಿ. ನಾನು ಹೇಳ್ತೀನಿ, ಕೇಳಿ."